ಕೂಗಿ ಹೇಳಿದ ಅಳತೆ

ಮಹದಿಯಾ
ಭಾನುವಾರ, ೨೪ ಅಕ್ಟೋಬರ್ ೧೯೯೩

ಪ್ರೀತಿಯ ಮಗಳು ನಾಜಿಹಾಗೆ, ಅಪ್ಪನ ನೂರು ಮುತ್ತುಗಳು.

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೆ? ಆ ತತಾವೀನ್‌ನ ಮರಳುಗಾಳಿಗೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಕಾಲಿಡಬಾರದು ಅಂತ ನಿನ್ನಮ್ಮ ಮೂರು ಸಲ ಹೇಳಿ ಬರೆಸಿದ್ದಾಳೆ. ಒಂದೇ ದಿನ ಐದು ಹೆರಿಗೆ ಮಾಡಿಸಿದೆ ಅಂತ ಬರೆದಿದ್ದೆಯಲ್ಲ, ಅದನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ. ಓದುವಾಗ ನಾನು ಐದನ್ನು ಏಳು ಮಾಡಿದೆ ಅಂತ ನಿನ್ನಮ್ಮನ ದೂರು. ಇರಲಿ ಬಿಡು, ಆ ಇಬ್ಬರು ಮಕ್ಕಳೂ ಎಲ್ಲೋ ಹುಟ್ಟಿಯೇ ಇರುತ್ತಾರೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನನ್ನ ಕಣ್ಣು ಮೊದಲಿನಂತಿಲ್ಲ, ಸೂಜಿಗೆ ದಾರ ಪೋಣಿಸುವ ಕೆಲಸವನ್ನು ನಿನ್ನ ಮಗಳು ಸುಂದುಸ್‌ಗೆ ಬಿಟ್ಟಿದ್ದೇನೆ. ನಿನ್ನಮ್ಮನ ಮೊಣಕಾಲು ಮಳೆ ಬರುವ ಮೊದಲೇ ಹವಾಮಾನ ವರದಿ ಕೊಡುತ್ತದೆ. ಅಳಿಯ ನೂರಿಯ ಹಡಗು ಜಿನೋವಾ ಬಂದರಿನಲ್ಲಿದೆಯಂತೆ, ಕಾರ್ಡು ಬಂತು. ಸುಂದುಸ್ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ಆಕ್ಟೋಪಸ್ ಹಿಡಿಯುವ ಕಾಲ ಶುರುವಾಗಿದೆ, ಬೀದಿಯ ಪ್ರತಿ ಮಾಳಿಗೆಯ ಮೇಲೂ ಒಣಹಾಕಿದ್ದಾರೆ. ಬೆಕ್ಕುಗಳಿಗೆ ಪುರುಸೊತ್ತಿಲ್ಲ.

ಸುಂದುಸ್ ವಿಷಯ ಒಂದಿದೆ. ಗಾಬರಿಯಾಗಬೇಡ, ಜ್ವರಗಿರ ಏನೂ ಇಲ್ಲ, ಕೊನೆಗೆ ಎಲ್ಲ ಒಳ್ಳೆಯದೇ ಆಯಿತು. ಫೋನಿನಲ್ಲಿ ಹೇಳೋಣವೆಂದರೆ ಅಂಚೆ ಕಚೇರಿಯ ಆ ಪೆಟ್ಟಿಗೆಯೊಳಗೆ ನಿಂತು, ಹಿಂದೆ ಹತ್ತು ಜನ ಗಡಿಯಾರ ನೋಡುತ್ತಿರುವಾಗ, ಇಂಥ ಮಾತು ಆಡಲು ಆಗುವುದಿಲ್ಲ. ಅದಕ್ಕೇ ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ.

ಸೆಪ್ಟೆಂಬರ್ ಅಂದರೆ ನಮ್ಮ ಅಂಗಡಿ ಹೇಗಿರುತ್ತದೆ ಅಂತ ನಿನಗೆ ಗೊತ್ತು. ಊರಿನ ಅರ್ಧ ಮಕ್ಕಳ ಶಾಲೆಯ ಮೇಲಂಗಿ ನಾನೇ ಹೊಲಿಯುವುದು. ತಾಯಂದಿರೆಲ್ಲ ಒಂದೇ ವಾರದಲ್ಲಿ ಮಕ್ಕಳನ್ನು ಎಳೆದುಕೊಂಡು ಬರುತ್ತಾರೆ. ಈ ವರ್ಷ ನಿನ್ನ ಮಗಳು ನನ್ನ ಗುಮಾಸ್ತೆ. ಎತ್ತರದ ಸ್ಟೂಲಿನ ಮೇಲೆ ಕೂತು, ನಾಲಿಗೆ ಹೊರಗೆ ಹಾಕಿ, ನಾನು ಕೂಗಿದ ಅಳತೆಯನ್ನೆಲ್ಲ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಏಳು ವರ್ಷದ ಹುಡುಗಿ, ಒಂದು ಸಂಖ್ಯೆಯನ್ನೂ ತಪ್ಪು ಬರೆಯಲಿಲ್ಲ. ನಾನು ಕೂಗುವ ರೀತಿಯೂ ನಿನಗೆ ಗೊತ್ತಿದ್ದದ್ದೇ. ಮೀನು ಮಾರುಕಟ್ಟೆಯ ಹರಾಜಿನವನ ಹಾಗೆ ಒಂದೊಂದು ಅಳತೆಗೂ ಒಂದೊಂದು ತಮಾಷೆ. ಸಣ್ಣಗಿದ್ದವನಿಗೆ ಬೆಂಕಿಕಡ್ಡಿ, ಉದ್ದ ಕೈಯವನಿಗೆ ಆಕ್ಟೋಪಸ್. ಕಾಯುತ್ತಾ ಕೂತ ತಾಯಂದಿರು ನಗುತ್ತಾರೆ, ಮಕ್ಕಳು ಅಳುವುದು ಬಿಟ್ಟು ನಿಲ್ಲುತ್ತವೆ. ನಲವತ್ತು ವರ್ಷದಿಂದ ನಾನಿದನ್ನು ಒಳ್ಳೆಯ ವ್ಯಾಪಾರ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಲತೀಫಾ ತನ್ನ ಮಗಳು ದಲೀಲಾಳನ್ನು ಕರೆದುಕೊಂಡು ಬಂದಳು. ಬಲೆ ಹೆಣೆಯುವ ಮುಖ್ತಾರ್ ಇದ್ದಾನಲ್ಲ, ಕೋಟೆಯ ಹಿಂದಿನ ಓಣಿಯವನು, ಅವನ ಹೆಂಡತಿ ಲತೀಫಾ. ಈ ದಲೀಲಾ ನಮ್ಮ ಸುಂದುಸ್‌ಳ ತರಗತಿಯವಳೇ. ದುಂಡು ಮುಖ, ತುಂಬಿಕೊಂಡ ಮೈ, ಬಾಗಿಲಿನ ಹತ್ತಿರವೇ ನಿಂತು ಒಳಗೆ ಬರಲು ಹಿಂದೆಮುಂದೆ ನೋಡುತ್ತಿದ್ದಳು. ನಾನು ಟೇಪು ಸುತ್ತಿ, ಎದೆ ಎಪ್ಪತ್ತೆಂಟು, ಸೊಂಟ ಎಪ್ಪತ್ತಾರು ಅಂತ ಕೂಗಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ಬರ್ಕೊ ಸುಂದುಸ್, ಇವಳಿಗೆ ಅಂಗಡಿ ಬಟ್ಟೆ ಸಾಲಲ್ಲ, ಬಂದರಿನಿಂದ ಹಾಯಿಬಟ್ಟೆ ತರಿಸ್ಬೇಕು" ಅಂದೆ. ಎಲ್ಲರೂ ನಕ್ಕರು. ಲತೀಫಾನೂ ನಕ್ಕಳು. ದಲೀಲಾನೂ ನಕ್ಕಳು ಕಣಮ್ಮ, ಅದೇ ನನಗೆ ಮೋಸ ಮಾಡಿದ್ದು. ಸುಂದುಸ್ ಪೆನ್ಸಿಲು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೋಗುವಾಗ ಲತೀಫಾ ನನ್ನ ಕಿವಿಯ ಹತ್ತಿರ ಬಂದು, "ಸ್ವಲ್ಪ ಬಿಗಿಯಾಗೇ ಹೊಲೀರಿ ಚಿಕ್ಕಪ್ಪ, ಬಿಗಿಯಾದ್ರೆ ನಾಚಿಕೆಯಾಗಿ ತಿನ್ನೋದು ಕಮ್ಮಿ ಮಾಡ್ತಾಳೆ" ಅಂದಳು. ನಾನು ತಲೆಯಾಡಿಸಿದೆ. ಹಾಗೆಯೇ ಹೊಲಿದೂ ಕೊಟ್ಟೆ.

ಎರಡು ವಾರದ ಹಿಂದೆ, ಒಂದು ಸೋಮವಾರ, ಶಾಲೆಯ ವಸೀಲಾ ಟೀಚರ್ ಸಂಜೆ ಅಂಗಡಿಗೇ ಬಂದರು. ಗುಂಡಿ ಕಿತ್ತುಹೋಗಿದೆಯೇನೋ ಅಂದುಕೊಂಡೆ. ಅವರು ಕೈಚೀಲದಿಂದ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ನನ್ನದೇ ಅಂಗಡಿಯ ಬಟ್ಟೆ, ಗುಲಾಬಿ ಬಣ್ಣದ ಅಂಚು, ಎರಡು ತುದಿ ಸೇರಿಸಿ ಗಂಟು ಹಾಕಿ ಬಳೆಯ ಹಾಗೆ ಮಾಡಿತ್ತು. ಸುಂದುಸ್ ಮಾಡಿದ್ದಂತೆ. ಬಿಡುವಿನ ವೇಳೆಯಲ್ಲಿ ಮಲ್ಬೆರಿ ಮರದ ಕೆಳಗೆ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಈ ಬಳೆಯನ್ನು ತಲೆಯಿಂದ ಹಾಕಿ ಸೊಂಟದವರೆಗೆ ಇಳಿಸುವುದು. ಇಳಿದವರು ಹಗ್ಗದಾಟಕ್ಕೆ ಬರಬಹುದು. ಇಳಿಯದವರು ಗೋಡೆಯ ಹತ್ತಿರ ನಿಂತು ನೋಡಬೇಕು. ದಲೀಲಾ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಎರಡು ದಿನ ಪ್ರಯತ್ನ ಮಾಡಿದಳಂತೆ. ಮೂರನೆಯ ದಿನ ಗಂಟು ಬಿಚ್ಚಿಹೋಯಿತು. ಆವಾಗ ಹುಡುಗಿಯರೆಲ್ಲ ಸೇರಿ ಹಾಯಿಬಟ್ಟೆ, ಹಾಯಿಬಟ್ಟೆ ಅಂತ ರಾಗವಾಗಿ ಹಾಡಿದರು. ಅಲ್ಲಿಂದ ನಾಲ್ಕು ದಿನ ಅವಳು ಶಾಲೆಗೇ ಬಂದಿಲ್ಲ. ಮೈ ಸ್ವಲ್ಪ ತುಂಬಿಕೊಂಡಿದ್ದ ಇನ್ನೂ ಇಬ್ಬರು, ತಮ್ಮ ಸರದಿ ಬಂದೀತು ಅಂತ ಹೆದರಿ, ಮನೆಯಿಂದ ತಂದ ರೊಟ್ಟಿಯನ್ನು ಬೆಂಚಿನ ಕೆಳಗೆ ಬಚ್ಚಿಡುತ್ತಿದ್ದರಂತೆ.

ಟೀಚರ್ ಒಂದೊಂದೇ ಮಗುವನ್ನು ಕರೆದು ಕೇಳಿದ್ದಾರೆ, ದಲೀಲಾ ನಿಮಗೇನು ಮಾಡಿದಳು ಅಂತ. ಅವಳು ಎಲ್ಲರ ರೊಟ್ಟಿ ಕದ್ದು ತಿನ್ನುತ್ತಾಳೆ ಅಂದಿತು ಒಂದು. ಯಾರದ್ದು ತಿಂದಳು, ಯಾರು ನೋಡಿದಿರಿ ಅಂದರೆ ಯಾರೂ ನೋಡಿಲ್ಲ. ಅವಳು ಸೋಮಾರಿ ಅಂದಿತು ಇನ್ನೊಂದು. ಅವಳು ದಡ್ಡಿ, ಲೆಕ್ಕ ಕೇಳಿದರೆ ಕೈಯೇ ಎತ್ತುವುದಿಲ್ಲ ಅಂದರು ಎಲ್ಲರೂ. ಆಮೇಲೆ ಟೀಚರ್ ಮೆತ್ತಗೆ, ನಾನೂ ಹಾಗೇ ಅಂದುಕೊಂಡಿದ್ದೆ ಶಾದ್ಲಿ ಚಿಕ್ಕಪ್ಪ, ಮುಂದೆ ಕೂತರೆ ಹಿಂದಿನವರಿಗೆ ಅಡ್ಡ ಅಂತ ಅವಳನ್ನು ಕೊನೆಯ ಬೆಂಚಿಗೆ ಹಾಕಿದವಳೂ ನಾನೇ ಅಂದರು. ಒಳ್ಳೆಯ ಹೆಣ್ಣುಮಗಳು. ಬೇರೆಯವರಾಗಿದ್ದರೆ ಅಷ್ಟನ್ನು ನುಂಗಿಕೊಂಡು ಬರೀ ನಮ್ಮ ಮಗುವಿನ ಮೇಲೆ ದೂರು ಹೇಳಿ ಹೋಗುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೋದವನೇ ಸುಂದುಸ್‌ಳನ್ನು ಎದುರಿಗೆ ನಿಲ್ಲಿಸಿ, ಟೀಚರ್ ಇಟ್ಟುಹೋದ ಆ ಪಟ್ಟಿ ಮೇಲೆತ್ತಿ, ಇದನ್ನು ಯಾರು ಕಲಿಸಿದರು ಅಂತ ಗದರಿದೆ. ಅವಳಿಗೆ ನಾನು ಕೋಪ ಮಾಡಿಕೊಂಡದ್ದೇ ಅರ್ಥವಾಗಲಿಲ್ಲ. ಕಣ್ಣು ಅರಳಿಸಿಕೊಂಡು ನೋಡಿದಳು.

"ನೀನೇ ಅಲ್ವಾ ತಾತ?" ಅಂದಳು.

ನಿನ್ನಮ್ಮ ಅಡುಗೆಮನೆಯಲ್ಲಿ ಹರೀಸಾ ಚಟ್ನಿಗೆ ಮೆಣಸಿನಕಾಯಿ ಕುಟ್ಟುತ್ತಿದ್ದವಳು ಕುಟ್ಟುವುದನ್ನು ನಿಲ್ಲಿಸಿದಳು. ನಾನು ಕೂತುಕೊಂಡೆ. ಕೋಪ ಹೋಗಿ ಬೇರೇನೋ ಆಗಿತ್ತು. ಸರಿ, ಹಾಯಿಬಟ್ಟೆ ನನ್ನದು, ಆದರೆ ದಪ್ಪಗಿರುವವರು ಕದ್ದು ತಿನ್ನುತ್ತಾರೆ, ಸೋಮಾರಿಗಳು ಅಂತ ನಾನೆಂದೂ ಹೇಳಿಲ್ಲವಲ್ಲ ಅಂತ ನಿಧಾನವಾಗಿ ಕೇಳುತ್ತಾ ಹೋದೆ. ಅವಳು ಅಳತೆ ಪುಸ್ತಕ ಓದುವ ಹಾಗೆ ಒಂದೊಂದಕ್ಕೂ ಸಾಕ್ಷಿ ಕೊಟ್ಟಳು. ಟೀವಿಯ ಬೊಂಬೆ ಚಿತ್ರದಲ್ಲಿ ಕೇಕು ಕದಿಯುವವನು ಯಾವಾಗಲೂ ದಪ್ಪ ಹುಡುಗನೇ. ಅಜ್ಜಿ ಮೊಣಕಾಲು ನೋವು ಬಂದಾಗಲೆಲ್ಲ ನಾನೊಂದು ಗೋಧಿ ಚೀಲ, ಬಿದ್ದಲ್ಲೇ ಬಿದ್ದಿರ್ತೀನಿ ಅನ್ನುತ್ತಾಳೆ. ಎದುರು ಮನೆಯ ಮದುಮಗಳನ್ನು ನೋಡಿ ಬಂದ ಹೆಂಗಸರು, ಪಾಪ, ಮುಖ ಚೆನ್ನಾಗಿದೆ ಆದ್ರೆ ಅಂತ ಹೇಳಿ ಮಾತು ಮುಗಿಸಲಿಲ್ಲ, ಕೈಯಲ್ಲಿ ಸೊಂಟ ತೋರಿಸಿದರು. ಇನ್ನೊಂದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನೀನು ತತಾವೀನ್‌ಗೆ ಹೊರಡುವ ದಿನ ಕನ್ನಡಿಯ ಮುಂದೆ ನಿಂತು, ಹೊಟ್ಟೆಯ ಚರ್ಮ ಚಿವುಟಿ, ಥೂ, ಎಮ್ಮೆ ಆಗಿದ್ದೀನಿ ಅಂದೆಯಂತೆ. ಯಾರಿಗೂ ಹೇಳಿದ್ದಲ್ಲ, ನಿನಗೆ ನೀನೇ ಹೇಳಿಕೊಂಡದ್ದು. ಅವಳು ಮಂಚದ ಮೇಲೆ ಕೂತು ಕಾಲುಚೀಲ ಹಾಕಿಕೊಳ್ಳುತ್ತಿದ್ದಳು.

ನೋಡು ನಾಜಿಹಾ, ಇವಳು ಹುಟ್ಟುವಾಗ ಇದನ್ನೆಲ್ಲ ತಂದವಳಲ್ಲ. ಮೂರು ವರ್ಷದವಳಿದ್ದಾಗ ಮದುವೆ ಮನೆಯಲ್ಲಿ ಅಷ್ಟು ಜನ ಹೆಂಗಸರ ನಡುವೆ ಹುಡುಕಿಕೊಂಡು ಹೋಗಿ ನಿನ್ನಮ್ಮನ ತೊಡೆಯೇ ಬೇಕು ಅಂತ ಅಳುತ್ತಿದ್ದಳು, ಅಜ್ಜಿ ಮೆತ್ತಗಿದ್ದಾಳೆ ಅಂತ. ನಿನ್ನಮ್ಮನ ಮದುವೆಯ ಕಾಲದಲ್ಲಿ ಇದೇ ಊರಿನ ಹೆಂಗಸರು ಮದುಮಗಳು ತುಂಬಿಕೊಳ್ಳಲಿ ಅಂತ ನಲವತ್ತು ದಿನ ಮೆಂತ್ಯ, ಖರ್ಜೂರ, ಬೆಣ್ಣೆ ತಿನ್ನಿಸಿದ್ದರು. ಆ ರೇಷ್ಮೆ ರವಿಕೆಯ ಹೊಲಿಗೆಯನ್ನು ನಾನೇ ಎರಡು ಸಲ ಬಿಚ್ಚಿ ಅಗಲ ಮಾಡಿದ್ದೆ, ಎಲ್ಲರೂ ಕಣ್ಣು ತಾಗೀತು ಅಂತ ಉಪ್ಪು ನಿವಾಳಿಸಿದರು. ಆವಾಗ ಚಂದ ಆಗಿದ್ದು ಈಗ ನಗೆಪಾಟಲು. ಮೈ ಅದೇ ಮೈ, ಬದಲಾದದ್ದು ನಮ್ಮ ಬಾಯಿ. ಮಕ್ಕಳು ಅದರ ಕೆಳಗೇ ಕೂತಿರುತ್ತವೆ, ಬಿದ್ದದ್ದನ್ನೆಲ್ಲ ಆರಿಸಿಕೊಳ್ಳುತ್ತವೆ.

ಮರುದಿನ ಒಬ್ಬನೇ ಮುಖ್ತಾರನ ಮನೆಗೆ ಹೋದೆ. ಸುಂದುಸ್‌ಳನ್ನು ಎಳೆದುಕೊಂಡು ಹೋಗಿ ಕ್ಷಮೆ ಕೇಳಿಸು ಅಂತ ನಿನ್ನಮ್ಮ ಅಂದಳು. ಮೊದಲ ಸರದಿ ನನ್ನದು ಅಂದೆ. ಅಂಗಳದಲ್ಲಿ ಮುಖ್ತಾರ್ ಬಲೆ ಹರಡಿಕೊಂಡು ಕೂತಿದ್ದ. ದಲೀಲಾ ಅವನ ಪಕ್ಕದಲ್ಲಿ ಕೂತು ಬಲೆಯ ಹರಿದ ಕಣ್ಣಿಗೆ ಗಂಟು ಹಾಕುತ್ತಿದ್ದಳು, ನೋಡುವ ಹಾಗಿತ್ತು ಆ ಕೈಚಳಕ. ನನ್ನನ್ನು ಕಂಡು ಎದ್ದು ಒಳಗೆ ಹೋದಳು. ಹೊಟ್ಟೆನೋವು ಅಂತಾಳೆ ಚಿಕ್ಕಪ್ಪ, ಸರಿಯಾಗಿ ಊಟವನ್ನೂ ಮಾಡ್ತಿಲ್ಲ ಅಂದಳು ಲತೀಫಾ. ಮೊದಲ ದಿನ ಮಗಳು ತಿನ್ನುವುದು ಬಿಟ್ಟಳು ಅಂತ ಒಳಗೊಳಗೇ ಖುಷಿಪಟ್ಟಿದ್ದಳಂತೆ, ಈಗ ಅವಳ ಮುಖದಲ್ಲೂ ಹೆದರಿಕೆ. ನಡೆದದ್ದನ್ನೆಲ್ಲ ಹೇಳಿದೆ. ಮುಖ್ತಾರ್ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದ. ಬೈದಿದ್ದರೆ ಹಗುರವಾಗುತ್ತಿತ್ತು, ಅವನು ಬೈಯಲಿಲ್ಲ, ಚಹಾ ಹಾಕು ಅಂತ ಹೆಂಡತಿಗೆ ಹೇಳಿದ.

ದಲೀಲಾಳನ್ನು ಕರೆಸಿ, ಮೇಲಂಗಿ ಹಾಕಿಕೊಂಡು ಬಾ ಕಂದ ಅಂದೆ. ಹಾಕಿಕೊಂಡು ಬಂದಳು. ನಾನು ಹೊಲಿದ ಬಟ್ಟೆಯನ್ನು ನಾನು ದೂರದಿಂದಲೇ ಓದಬಲ್ಲೆ. ಕಂಕುಳಿನಲ್ಲಿ ಬಟ್ಟೆ ಸೆಟೆದು ನಿಂತಿತ್ತು. ತರಗತಿಯಲ್ಲಿ ಕೈ ಎತ್ತುವ ಹಾಗೆ ಎತ್ತು ನೋಡೋಣ ಅಂದೆ. ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಇನ್ನೂ ಎತ್ತಿದರೆ ಹರಿಯುತ್ತೆ, ಹರಿದರೆ ಎಲ್ಲರೂ ನಗುತ್ತಾರೆ ಅಂದಳು. ಮಗುವಿಗೆ ಉತ್ತರ ಗೊತ್ತಿತ್ತು ನಾಜಿಹಾ, ಕೈ ಎತ್ತಲು ಜಾಗ ಇರಲಿಲ್ಲ. ದಡ್ಡಿ ಅಂತ ಮೂವತ್ತು ಮಕ್ಕಳು, ಒಬ್ಬರು ಟೀಚರ್ ನಂಬಿದ್ದರಲ್ಲ, ಅದಕ್ಕೆ ಪುರಾವೆಯನ್ನು ಹೊಲಿದುಕೊಟ್ಟವನು ನಾನು. ಅವಳ ಎದುರಿಗೆ ಬಗ್ಗಿ ಕೂತು, ನಿನ್ನ ಮೈಯಲ್ಲಿ ಏನೂ ತಪ್ಪಿಲ್ಲಮ್ಮ, ತಪ್ಪಿರುವುದು ನನ್ನ ಕತ್ತರಿಯಲ್ಲಿ, ನನ್ನ ಬಾಯಲ್ಲಿ, ಕ್ಷಮಿಸು ಅಂದೆ. ಎಂಟು ವರ್ಷದ ಹುಡುಗಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ನೀವು ಅಳತೆ ಸರಿಯಾಗೇ ಹೇಳಿದ್ರಿ ತಾತ. ಆದ್ರೆ ಜೋರಾಗಿ ಹೇಳಿದ್ರಿ."

ಲತೀಫಾ ಚಹಾ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಬಿಗಿಯಾಗಿ ಹೊಲೀರಿ ಅಂದದ್ದು ತಾನು ಅಂತ ಅವಳು ಮಗಳಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಆ ಸಂಜೆ ಮಗಳನ್ನು ಕರೆದುಕೊಂಡು ಅಂಗಡಿಗೆ ಅವಳೇ ಬಂದಳು, ಕೈಯಲ್ಲಿ ಮಡಚಿದ ಮೇಲಂಗಿ.

ಹೊಲಿಗೆ ಬಿಚ್ಚುವ ಕೆಲಸವನ್ನು ಸುಂದುಸ್‌ಗೆ ಕೊಟ್ಟೆ. ಶಿಕ್ಷೆ ಅಂತಲ್ಲ, ಕೆಲಸ ಅಂತ. ಸಣ್ಣ ಕತ್ತರಿಯಿಂದ ಒಂದೊಂದೇ ದಾರ ತುಂಡರಿಸಿ ಎಳೆಯಬೇಕು, ಬಟ್ಟೆಗೆ ಗಾಯವಾಗಬಾರದು. ದಲೀಲಾ ಎದುರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಒಂದು ಕಡೆ ದಾರ ಸಿಕ್ಕುಹಾಕಿಕೊಂಡಾಗ ದಲೀಲಾ ಕೈಚಾಚಿ, ಹಾಗಲ್ಲ, ಹಿಂದಿನಿಂದ ಎಳಿ ಅಂತ ತೋರಿಸಿದಳು, ಬಲೆಯವನ ಮಗಳಲ್ಲವೇ. ಸುಂದುಸ್ ತಲೆ ಎತ್ತದೆ, ಇನ್ಮೇಲೆ ಆ ಹಾಡು ಹಾಡಲ್ಲ, ಪಟ್ಟಿನೂ ಈಗ ತಾತನ ಹತ್ರ ಇದೆ ಅಂದಳು. ಅದೇ ಅವಳ ಕ್ಷಮಾಪಣೆ. ದಲೀಲಾ, ಸರಿ, ಆದರೆ ನಾನು ಶುಕ್ರವಾರದವರೆಗೆ ಕೋಪದಲ್ಲೇ ಇರ್ತೀನಿ ಅಂದಳು. ಸುಂದುಸ್ ಒಪ್ಪಿಕೊಂಡಳು. ನಾನು ಕಂಕುಳಿಗೆ ಎರಡು ಬೆರಳು ಅಗಲದ ತುಂಡು ಸೇರಿಸಿ, ತೋಳು ಸಡಿಲ ಮಾಡಿ, ಇಡೀ ಮೇಲಂಗಿಯನ್ನು ಉಸಿರಾಡುವ ಹಾಗೆ ಮತ್ತೆ ಹೊಲಿದೆ. ದಲೀಲಾ ಹಾಕಿಕೊಂಡು ಎರಡೂ ಕೈ ಚಾವಣಿಗೆ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಸಾಕು ಅಂದರೂ ಬಿಡಲಿಲ್ಲ.

ಅವರು ಹೋದ ಮೇಲೆ ಸುಂದುಸ್ ಗಂಭೀರವಾಗಿ ಕೇಳಿದಳು, ಆದ್ರೂ ಅವಳು ದಪ್ಪ ತಾನೇ ತಾತ ಅಂತ. ಹೌದು ದಪ್ಪ, ನಿನ್ನ ಕೂದಲು ಗುಂಗುರು, ನನ್ನ ಕಿವಿ ದೊಡ್ಡದು, ಆಮೇಲೇನು? ಅಂದೆ. ಅವಳು ಸ್ವಲ್ಪ ಹೊತ್ತು ಕಾದಳು, ಆಮೇಲೆ ಏನೋ ಬರಬೇಕು ಅನ್ನುವ ಹಾಗೆ. ಆಮೇಲೆ ಏನಿಲ್ಲ ಅಂತ ತಾನೇ ಹೇಳಿ, ನೆಲದ ಮೇಲಿನ ದಾರದ ತುಂಡು ಗುಡಿಸಲು ಹೋದಳು.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ದಲೀಲಾ ಶಾಲೆಗೆ ಬಂದ ಮೊದಲ ದಿನವೇ ಒಬ್ಬ ಹುಡುಗ ಹಾಯಿಬಟ್ಟೆ ಅಂದನಂತೆ. ಸುಂದುಸ್ ಆ ದಿನ ಸುಮ್ಮನೆ ತನ್ನ ಬೂಟು ನೋಡುತ್ತಾ ನಿಂತಳಂತೆ, ಹೆದರಿಕೆ ಆಯ್ತು ತಾತ ಅಂತ ಮನೆಗೆ ಬಂದು ಅತ್ತಳು. ಅತ್ತದ್ದು ನನಗೆ ಒಳ್ಳೆಯದೇ ಅನ್ನಿಸಿತು. ಮರುದಿನ ಅವನು ಮತ್ತೆ ಅಂದಾಗ, ಆ ಹೆಸರಿಟ್ಟವನು ನನ್ನ ತಾತ, ಅವನೇ ವಾಪಸ್ ತಗೊಂಡಿದ್ದಾನೆ, ನಿನಗೇನು ಅಂದಳಂತೆ. ಟೀಚರ್ ದಲೀಲಾಳನ್ನು ಎರಡನೆಯ ಬೆಂಚಿಗೆ ತಂದಿದ್ದಾರೆ. ಮಗ್ಗಿ ಕೇಳಿದಾಗ ಮೊದಲು ಏಳುವ ಕೈ ಅವಳದೇ ಅಂತೆ, ಕೆಲವು ಸಲ ಪ್ರಶ್ನೆ ಮುಗಿಯುವ ಮೊದಲೇ. ಶುಕ್ರವಾರ ಮಾತಿನ ಪ್ರಕಾರ ಕೋಪ ಮುಗಿಯಿತು. ಸುಂದುಸ್ ದಿನ ಎಣಿಸುತ್ತಾ ಇದ್ದವಳು ಆ ದಿನ ಓಡುತ್ತಾ ಬಂದು, ಮುಗೀತು ಮುಗೀತು ಅಂತ ಇಡೀ ಓಣಿಗೆ ಸಾರಿದಳು. ನಿನ್ನಮ್ಮ ಆಕ್ಟೋಪಸ್ ಹಾಕಿದ ಕುಸ್ಕುಸ್ ಮಾಡಿ ಮುಖ್ತಾರನ ಮನೆಯವರನ್ನೆಲ್ಲ ಕರೆದಳು. ದಲೀಲಾ ಎರಡನೆಯ ಸಲ ಬಡಿಸಿಕೊಂಡಳು, ಯಾರೂ ಏನೂ ಅನ್ನಲಿಲ್ಲ. ಲತೀಫಾ ಬಾಯಿ ತೆರೆದವಳು ಮುಚ್ಚಿಕೊಂಡು ಆಲಿವ್ ಬಟ್ಟಲನ್ನು ಮಗಳ ಕಡೆ ಸರಿಸಿದಳು.

ಮನೆಯಲ್ಲೂ ಕಾನೂನು ಬದಲಾಗಿದೆ. ನಿನ್ನಮ್ಮ ಚೀಲ ಅಂದ ಕೂಡಲೇ ಸುಂದುಸ್ ಎಲ್ಲಿದ್ದರೂ ಬಂದು ಅಜ್ಜೀ ಅಂತ ಬೆರಳು ತೋರಿಸುತ್ತಾಳೆ, ಈ ಹುಡುಗಿಯನ್ನು ಪೊಲೀಸಿಗೆ ಸೇರಿಸಿ ಅಂತ ನಿನ್ನಮ್ಮ ಗೊಣಗಿದರೂ ಒಳಗೆ ಸಂತೋಷವೇ. ನಾನು ಅಂಗಡಿಯಲ್ಲಿ ಅಳತೆ ಕೂಗುವುದನ್ನು ಬಿಟ್ಟಿದ್ದೇನೆ. ನಾನೇ ಮೆಲ್ಲಗೆ ಬರೆದುಕೊಳ್ಳುತ್ತೇನೆ. ನಾಲಿಗೆ ಬಿದ್ದುಹೋಯಿತಾ ಶಾದ್ಲಿ ಅಂತ ಗಿರಾಕಿಗಳು ಕೇಳುತ್ತಾರೆ. ತಮಾಷೆ ಬಿಟ್ಟಿಲ್ಲ, ಅದನ್ನು ಈಗ ನನ್ನ ಕಿವಿಯ ಮೇಲೆ ಮಾಡುತ್ತೇನೆ, ಸಾಕಷ್ಟು ಸರಕಿದೆ.

ಬಾರ್ಲಿ ಹಿಟ್ಟಿನ ಡಬ್ಬಿ, ಅಂಜೂರ, ಒಂದು ಉಣ್ಣೆಯ ಶಾಲು ಬಸ್ಸಿನವನ ಕೈಯಲ್ಲಿ ಕಳಿಸಿದ್ದೇವೆ. ಹೊಟ್ಟೆತುಂಬ ತಿನ್ನು, ಮೈತುಂಬ ಹೊದೆದುಕೊ. ನೀನು ಭೂಮಿಗೆ ತರುವ ಮಕ್ಕಳೆಲ್ಲ ಚೆನ್ನಾಗಿರಲಿ, ನಿನ್ನ ಕೈಗೆ ದೇವರು ಬಲ ಕೊಡಲಿ. ನಿನ್ನಮ್ಮನ ಆಶೀರ್ವಾದ, ಸುಂದುಸ್‌ಳ ಮುತ್ತುಗಳು. ಅವಳೇ ಕೆಳಗೆ ಬರೆಯುತ್ತೇನೆ ಅಂದಿದ್ದಳು, ಈಗ ಓಣಿಯಲ್ಲಿ ಹಗ್ಗದಾಟ, ಕೈಗೆ ಸಿಗುತ್ತಿಲ್ಲ.

ನಿನ್ನ ಅಪ್ಪ,
ಶಾದ್ಲಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಲಕೋಟೆ ಅಂಟಿಸುವವರೆಗೆ ಮುಂದೂಡಿದೆ. ನೀನು ಹನ್ನೆರಡನೆಯ ವಯಸ್ಸಿನವರೆಗೆ ಮೀನಿನ ಹಾಗೆ ಈಜುತ್ತಿದ್ದೆ. ಆ ಬೇಸಿಗೆ ಇದ್ದಕ್ಕಿದ್ದಂತೆ ಸಮುದ್ರಕ್ಕೆ ಇಳಿಯುವುದನ್ನು ಬಿಟ್ಟೆ. ಹುಡುಗಿ ದೊಡ್ಡವಳಾದಳು, ಅದಕ್ಕೇ ಅಂತ ನಿನ್ನಮ್ಮನಿಗೆ ನಾನು ಹೇಳಿದೆ. ಅದಕ್ಕಲ್ಲ. ಅದರ ಹಿಂದಿನ ದಿನ ಅಂಗಡಿಯಲ್ಲಿ, ನಿನ್ನ ಗೆಳತಿಯರ ಎದುರಿಗೇ, ನಿನ್ನ ಅಳತೆಯನ್ನು ಕೂಗಿದ್ದೆ, ಏನೋ ಒಂದು ಮಾತನ್ನೂ ಸೇರಿಸಿದ್ದೆ. ಯಾವ ಮಾತು ಅಂತ ನೆನಪಿದೆ, ಮತ್ತೆ ಬರೆಯುವುದಿಲ್ಲ. ಇಪ್ಪತ್ತು ವರ್ಷ ನೆನಪಿಲ್ಲದವನ ಹಾಗೆ ಇದ್ದೆ. ಕ್ಷಮಿಸು ಮಗಳೇ. ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ. ದಲೀಲಾಳಿಗೆ ಅವಳಪ್ಪ ಈಜು ಕಲಿಸುತ್ತಾನಂತೆ, ಸುಂದುಸ್‌ಗೂ ಕಲಿಯಬೇಕು ಅಂತ ಆಸೆ. ಅಮ್ಮನಿಗೆ ಈಜು ಬರುತ್ತಾ ತಾತ ಅಂತ ಈಗಷ್ಟೇ ಕಿಟಕಿಯಿಂದ ಕೇಳಿ ಓಡಿಹೋದಳು. ಬರುತ್ತೆ, ನಮ್ಮೂರಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ ಅಂತ ಹೇಳಿದ್ದೇನೆ. ಜೂನ್‌ನಲ್ಲಿ ಬರುತ್ತೀಯಲ್ಲ, ನೀರು ಆಗ ಬೆಚ್ಚಗಿರುತ್ತದೆ.